ಹದಿನೇಳನೇ ವಾರ

ಥೆಕ್ಲಾ ಕಾರು ತಂದು ನಿಲ್ಲಿಸಿದಾಗ
ಆಡೆನಾವ್ ಊರಿಗೆ ಬೆಳಕು ಪೂರ್ತಿ ಬಂದಿರಲಿಲ್ಲ.
ಬಾನೆಟ್ಟಿಗೆ ಅಂಟಿದ ಬೀಚ್ ಮರದ ಎಲೆ,
ಹಿಂದಿನ ಸೀಟಿನಲ್ಲಿ ಹೆಲ್ಮೆಟ್ಟು,
ಅದರೊಳಗೆ ಮಡಿಚಿಟ್ಟ ಬಿಳಿ ಟವೆಲ್ಲು.
ಈ ಕಣಿವೆಯ ಒಂಬತ್ತು ಊರಿಗೆ ಒಬ್ಬಳೇ ಸೂಲಗಿತ್ತಿ.
ಭಾನುವಾರ ಸಂಜೆ ಮಾತ್ರ ಬೇರೆ ಯಾರೋ.

"ಎರಡಕ್ಕೂ ಒಂದೇ ಟೈರು ಬೇಕು" ಅಂದಳು.
ಎರಡು ದೋಣಿಯಲ್ಲಿ ಕಾಲಿಡುವವರನ್ನು
ಮೂವತ್ತೊಂದು ವರ್ಷದಿಂದ ನೋಡುತ್ತಿದ್ದೇನೆ;
ಎಷ್ಟೋ ಜನ ಹಗ್ಗಕ್ಕೆ ಕಟ್ಟಿಸಿಕೊಂಡು ಮರಳುತ್ತಾರೆ.
ಎರಡು ಜೊತೆ ಇಟ್ಟುಕೊ ಅಂದೆ.
ಮೂರನೇ ಮಹಡಿ, ಲಿಫ್ಟಿಲ್ಲ,
ನೆಲಮಾಳಿಗೆಯೆಲ್ಲ ಮನೆಯೊಡತಿಯ ಆಲೂಗಡ್ಡೆ,
ಇಡುವುದೆಲ್ಲಿ ಅಂದಳು.

ಮೊದಲು ಹಳೆಯದನ್ನು ಓದಿದೆ.
ನಾನು ಓದುವುದು ಬೆರಳಿನಲ್ಲಿ.
ಹೊರಭುಜ, ಬಿದ್ದ ಹುಡುಗನ ಮೊಣಕಾಲಿನಂತೆ ತರಚಿಹೋಗಿದೆ;
ಒಳಗಡೆ ಗೀರು ಇನ್ನೂ ಆಳ.
ತಿರುವಿಗೆ ಆತುರದಲ್ಲಿ ನುಗ್ಗಿ
ಆಮೇಲೆ ಸ್ಟಿಯರಿಂಗಿನ ಜೊತೆ ಜಗಳಾಡುತ್ತೀ ಅಂದೆ.
ನಕ್ಕಳು. ಅಲ್ಲಗಳೆಯಲಿಲ್ಲ.

ನನ್ನ ಶಿಷ್ಯ ಯಾನೋಷ್, ಹತ್ತೊಂಬತ್ತು ವಯಸ್ಸು,
ನುಣ್ಣನೆಯದೊಂದನ್ನು ಉರುಳಿಸಿಕೊಂಡು ಬಂದ.
ಬೆರಳೆಣಿಕೆಯ ಗೀರು, ಉಗುರೊತ್ತಿದರೆ ಗುರುತು ನಿಲ್ಲುವಷ್ಟು ಮೆದು.
"ಸುತ್ತಿಗೆ ಹನ್ನೆರಡು ಸೆಕೆಂಡು ಉಳಿಯುತ್ತೆ" ಅಂದ,
ಪ್ರೀತಿಸಿದ ಹುಡುಗಿಯ ಹೆಸರು ಹೇಳುವವನಂತೆ.
ನಿಜವೇ. ಬಿಸಿಯಾದ ಮೇಲೆ ಅದು ರಸ್ತೆಯನ್ನು
ಹಸುಗೂಸು ಮೊಲೆ ಹಿಡಿದಂತೆ ಹಿಡಿಯುತ್ತದೆ.
ಬಿಸಿಯಾದ ಮೇಲೆ.

ಥೆಕ್ಲಾ ಅಂಗೈಗಳನ್ನು ಉಜ್ಜಿ ಉಜ್ಜಿ
ರಬ್ಬರಿನ ಮೇಲಿಟ್ಟಳು.
"ಬಸುರಿಯ ಹೊಟ್ಟೆ ಮುಟ್ಟೋ ಮುಂಚೆ ಹೀಗೆ ಮಾಡ್ತೀನಿ.
ತಣ್ಣನೆ ಕೈ ತಾಗಿದರೆ ಅಮ್ಮ ಬೆಚ್ಚುತ್ತಾಳೆ.
ಇದನ್ನ ರಾತ್ರಿ ಮೂರಕ್ಕೆ ಯಾರು ಉಜ್ಜಬೇಕು?"

ಏಪ್ರಿಲಿನಲ್ಲಿ ಒಂದು ರಾತ್ರಿ,
ಗೆಳೆಯನೊಬ್ಬ ಕೊಟ್ಟ ಇಂಥದೇ ನಾಲ್ಕರ ಮೇಲೆ,
ಒದ್ದೆ ಸೇತುವೆಯಲ್ಲಿ ಕಾರು ಅವಳ ಮಾತು ಕೇಳಲಿಲ್ಲವಂತೆ.
ಬೇಲಿಗೆ ಒರಗಿ ನಿಂತಿತಂತೆ.
ನಡೆದು ತಲುಪುವಷ್ಟರಲ್ಲಿ ಅಜ್ಜಿಯೇ
ಹೊಕ್ಕುಳಬಳ್ಳಿಗೆ ಶೂ ಲೇಸು ಬಿಗಿದಿದ್ದಳು.
ಮಗು ಚೆನ್ನಾಗಿದೆ.
ಅಜ್ಜಿ ಇವತ್ತಿಗೂ ಇವಳನ್ನು ಮಾತಾಡಿಸುವುದಿಲ್ಲ.

ಕಾರು ನೆಲ ಮುಟ್ಟುವುದು ನಾಲ್ಕು ಅಂಗೈಯಗಲ.
ಮಿಕ್ಕಿದ್ದೆಲ್ಲ ಬಣ್ಣ, ಸದ್ದು, ಸಾಲದ ಕಂತು.

ಕೊನೆಗೆ ಮೇಲಿನ ಅಟ್ಟಣೆಯಿಂದ ಇನ್ನೊಂದನ್ನು ಇಳಿಸಿದೆ:
ಪಕ್ಕೆ ಗಟ್ಟಿ, ನಡುವೆ ನೀರು ಹರಿಯಲು ಅಗಲ ಕಾಲುವೆ,
ಹೊರಭುಜಕ್ಕೆ ದಪ್ಪ ದಪ್ಪ ಅಚ್ಚು,
ತಣ್ಣಗಿದ್ದಾಗಲೂ ಕರೆದರೆ ಓಗೊಡುವ ಜಾತಿ.
ಆದರೆ ಮೂರನೇ ಸುತ್ತಿಗೆ ದಣಿಯುತ್ತದೆ,
ಮೈಯೆಲ್ಲ ಜಿಡ್ಡಾಗಿ ಜಾರತೊಡಗುತ್ತದೆ;
ಆಗ ಬಿಟ್ಟುಬಿಡಬೇಕು, ಹಟ ಹಿಡಿಯಬಾರದು ಅಂದೆ.
"ದಣಿದವರ ಹತ್ತಿರ ಹಟ ಹಿಡಿಯೋ ಕೆಲಸ ನನ್ನದಲ್ಲ" ಅಂದಳು.
ಯಾನೋಷ್ ಹನ್ನೆರಡು ಸೆಕೆಂಡನ್ನು
ಮುಖ ಸಣ್ಣಗೆ ಮಾಡಿ ಒಳಗೆ ಉರುಳಿಸಿಕೊಂಡು ಹೋದ.

ಪಕ್ಕೆಯ ಮೇಲಿನ ನಾಲ್ಕು ಅಂಕಿ ತೋರಿಸಿದೆ:
ಇದು ಹುಟ್ಟಿದ ವಾರ, ಇದು ವರ್ಷ.
ಬಗ್ಗಿ ಓದಿದಳು. ಹದಿನೇಳನೇ ವಾರ.
"ಅಯ್ಯೋ, ನೀವೂ ವಾರದಲ್ಲೇ ಎಣಿಸ್ತೀರಾ!"
ಮೂವತ್ತೊಂದು ವರ್ಷ. ನನಗೆ ಹೊಳೆದೇ ಇರಲಿಲ್ಲ.

ಭಾನುವಾರ ಟ್ರ್ಯಾಕಿನ ಗೇಟಿನೆದುರು ಕಂಡಳು,
ಮೊಣಕಾಲೂರಿ ಗಾಳಿ ಇಳಿಸುತ್ತಿದ್ದಳು,
ಬಿಸಿಗೆ ಉಬ್ಬುತ್ತದಲ್ಲ, ನಾನು ಹೇಳಿದಷ್ಟೇ, ಅಳೆದು ಅಳೆದು.
ಮುಂದೆ ಇನ್ನೆರಡೇ ಕಾರು. ಫೋನು ಬಂತು.
ಹೆಲ್ಮೆಟ್ಟು ಕಳಚಿ ಪಕ್ಕದ ಸೀಟಿಗೆ ಎಸೆದು
ಸಾಲು ಬಿಟ್ಟು ಕೆಳಗಿನ ರಸ್ತೆಗೆ ಇಳಿದೇಬಿಟ್ಟಳು.

ಗಾಳಿ ಕಡಿಮೆಯಿತ್ತಲ್ಲ, ರಾತ್ರಿಯಿಡೀ ನನಗೆ ಅದೊಂದೇ.

ಅಂದಿನಿಂದ ಭಾನುವಾರ ಅಂಗಡಿ ಮುಚ್ಚಿದರೂ
ಗಾಳಿಯ ಪೈಪನ್ನು ಷಟರಿನಡಿಯಿಂದ ಹೊರಗೆ ಬಿಟ್ಟಿರುತ್ತೇನೆ.
ಕೆಲವು ಸೋಮವಾರ
ಅದು ನಾನು ಸುತ್ತಿಟ್ಟಂತೆ ಇರುವುದಿಲ್ಲ.
ಯಾನೋಷ್ ಸುತ್ತುವಂತೆಯೂ ಅಲ್ಲ.